ವನೀಪಕ ದೋಷವೂ ವೈದ್ಯ ಸಂಶೋಧನೆಯೂ

ಮುನಿಗಳ ಆಹಾರಚರ್ಯೆಗೆ 46 ದೋಷಗಳನ್ನು ನಮ್ಮ ಆಚಾರ್ಯರು ಹೇಳಿರುವರೆಂಬುದು ಶ್ರಾವಕರಿಗೆ ತಿಳಿದ ವಿಷಯವೇ ಆಗಿದೆ. ಆಹಾರದಾನದ ದಿನ ಮನೆಯಲ್ಲಿ ನಾವು ಎಚ್ಚರದಿಂದ ನೋಡುವುದು ಬಹುಮಟ್ಟಿಗೆ ದಾತಾರನ ಕಡೆಯ ದೋಷಗಳನ್ನು. ನೀರನ್ನು ಸೋಸಿದೆಯೆ, ಧಾನ್ಯವನ್ನು ಶೋಧಿಸಿದೆಯೆ, ಮುನಿಗಳಿಗೆಂದೇ ಅಡಿಗೆ ಮಾಡಿದಂತಾಯಿತೆ ಎಂಬ ವಿಚಾರ ಹೆಂಗಸರ ಬಾಯಲ್ಲಿ ಎರಡು ದಿನ ಮೊದಲೇ ನಡೆದಿರುತ್ತದೆ. ಪಾತ್ರನ ಕಡೆಯಿಂದ ಹುಟ್ಟುವ 16 ಉತ್ಪಾದನ ದೋಷಗಳ ಕಡೆಗೆ ಮಾತ್ರ ನಮ್ಮ ಲಕ್ಷ್ಯ ಅಷ್ಟಾಗಿ ಹೋಗುವುದಿಲ್ಲ. ಅವು ಮುನಿಗಳಿಗೆ ಸಂಬಂಧಿಸಿದುವು, ಗೃಹಸ್ಥರಿಗೆ ಅವುಗಳಿಂದೇನು ಎಂದು ಬಿಟ್ಟುಬಿಡುತ್ತೇವೆ. ಹಾಗೆ ಬಿಟ್ಟವುಗಳಲ್ಲಿ ಒಂದನ್ನು ಈ ಲೇಖನದಲ್ಲಿ ಎತ್ತಿಕೊಳ್ಳಲಾಗಿದೆ.

ವಟ್ಟಕೇರಾಚಾರ್ಯರ ಮೂಲಾಚಾರದಲ್ಲಿ ಆ 16ರೊಳಗೆ ವನೀಪಕವೆಂಬುದೊಂದಿದೆ. ದಾತಾರನು ಕೇಳುತ್ತಾನೆ: ನಾಯಿಗೆ, ಕಾಗೆಗೆ, ದೀನನಿಗೆ, ಅತಿಥಿಗೆ, ಅನ್ಯಮತದ ಸನ್ಯಾಸಿಗೆ ಕೊಟ್ಟರೆ ಪುಣ್ಯವುಂಟೋ ಇಲ್ಲವೋ? ಕೇಳುವವನು ಅಂಥ ದಾನವನ್ನು ಮಾಡುವವನೆಂದು ಬಲ್ಲ ಮುನಿಯು ‘ಉಂಟು’ ಎನ್ನುತ್ತಾನೆ. ದಾತಾರನು ಪ್ರಸನ್ನನಾಗಿ ಆಹಾರವನ್ನು ಕೊಡುತ್ತಾನೆ. ಇದು ದೋಷ. ಇಲ್ಲಿ ಒಂದು ಸೂಕ್ಷ್ಮವಿದೆ. ದೀನನಿಗೆ ಅನ್ನವಿಟ್ಟರೆ ಪುಣ್ಯವೆಂಬುದು ಸುಳ್ಳೇನೂ ಅಲ್ಲ. ಕರುಣಾದಾನವನ್ನು ನಮ್ಮ ಶಾಸ್ತ್ರಗಳೇ ಹೇಳಿವೆ. ಉತ್ತರ ಸತ್ಯವಾಗಿದ್ದರೂ ದೋಷ ತಪ್ಪಲಿಲ್ಲ. ಏಕೆಂದರೆ ಆ ಉತ್ತರ ಹುಟ್ಟಿದ್ದು ವಸ್ತುವಿನ ವಿಚಾರದಿಂದಲ್ಲ, ಕೊಡುವ ಕೈಯ ಕಡೆಗಿದ್ದ ದೃಷ್ಟಿಯಿಂದ. ಅಸತ್ಯವೊಂದು, ಇದಿನ್ನೊಂದು ಎಂದು ಆಚಾರ್ಯರು ಬೇರೆಬೇರೆಯಾಗಿಯೇ ಎಣಿಸಿದರು. ವನೀಪಕದ ಬೆನ್ನಿಗೇ ಆ ಪಟ್ಟಿಯಲ್ಲಿ ಬರುವುದು ಚಿಕಿತ್ಸಾ ದೋಷ, ಅಂದರೆ ವೈದ್ಯ ಮಾಡಿ ಆಹಾರ ಪಡೆಯುವುದು. ಈ ಎರಡೂ ಅಕ್ಕಪಕ್ಕದಲ್ಲಿ ಕುಳಿತಿರುವುದು ಆಕಸ್ಮಿಕವಿರಬಹುದು. ಆದರೂ ಇಂದಿನ ವೈದ್ಯ ಸಂಶೋಧನೆಯ ಒಂದು ದೊಡ್ಡ ತೊಡಕಿಗೆ ಇದಕ್ಕಿಂತ ಹತ್ತಿರದ ಹೆಸರು ನಮ್ಮ ಭಾಷೆಯಲ್ಲಿ ದೊರೆಯದು. ಈಗಿನವರು ಅದನ್ನು ಹಿತಾಸಕ್ತಿಗಳ ಸಂಘರ್ಷವೆನ್ನುತ್ತಾರೆ.

ಹುಂಚದ ಸುತ್ತಿನ ಮನೆಗಳಿಗೆ ಇದು ದೂರದ ಮಾತಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸುವಗಳೂ ಸತ್ತು ಬೀಳತೊಡಗಿದುವು. ಬೆನ್ನಿಗೇ ಕಾಡಿಗೆ ಹೋಗಿಬರುವ ಜನರಿಗೆ ಜ್ವರ, ರಕ್ತಸ್ರಾವ, ಸಾವು. ಆ ವರ್ಷ 466 ಮಂದಿಗೂ ಮರುವರ್ಷ 181 ಮಂದಿಗೂ ರೋಗ ತಗುಲಿತೆಂದು ದಾಖಲೆಯಿದೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವಿಷಾಣುವನ್ನು ಬೇರ್ಪಡಿಸಿದರು. ಕಾಡಿನ ಉಣುಗುಗಳೇ ಅದನ್ನು ಹರಡುತ್ತವೆಂದು ಕಂಡುಕೊಂಡರು. ನಮ್ಮ ಜನ ಅದನ್ನು ಮಂಗನ ಕಾಯಿಲೆ ಎಂದರು. ಮುಂದೆ ಅದು ಸಾಗರ, ಹೊಸನಗರ, ತೀರ್ಥಹಳ್ಳಿಗಳಿಗೂ ಅಲ್ಲಿಂದಾಚೆಗೂ ಹಬ್ಬಿತು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಾಣಿಸಿಕೊಂಡು 2019ರಲ್ಲಿ ಅನೇಕರನ್ನು ಬಲಿತೆಗೆದುಕೊಂಡದ್ದು ಇನ್ನೂ ಹಸಿಯಾಗಿರುವ ನೆನಪು.

ಮೊದಲ ವರ್ಷಗಳ ಒಂದು ಸಂಗತಿಯನ್ನು ಆದರದಿಂದ ನೆನೆಯಬೇಕು. ಕ್ಯಾಸನೂರಿನ ವಿಷಾಣು ರಷ್ಯದ ಒಂದು ಮಿದುಳುಜ್ವರದ ವಿಷಾಣುವಿಗೆ ನಂಟು ಉಳ್ಳದ್ದಾದ್ದರಿಂದ, ಆ ಜ್ವರದ ಲಸಿಕೆಯನ್ನು ತಂದು ಇಲ್ಲಿಯ ಜನರಿಗೆ ಹಾಕಿ ನೋಡಿದರು. ಅದು ಕಾಪಾಡಲಿಲ್ಲ. ಪ್ರಯೋಗ ಮಾಡಿದವರು ಆ ವಿಫಲತೆಯನ್ನು 1962ರಲ್ಲಿ ಅಚ್ಚುಹಾಕಿಸಿದರು. ತಾವೇ ತಂದ ಔಷಧ ಫಲಿಸಲಿಲ್ಲವೆಂದು ತಾವೇ ಬರೆಯುವುದು ಸಣ್ಣ ಕೆಲಸವಲ್ಲ. ಮುಂದಿನ ಕಥೆಯನ್ನು ಓದುವಾಗ ಇದನ್ನು ಅಳತೆಗೋಲಾಗಿ ಕೈಯಲ್ಲಿ ಹಿಡಿದುಕೊಳ್ಳುವುದು ಯುಕ್ತ.

ಬಳಿಕ, 1960ರ ದಶಕದಲ್ಲಿ, ಪುಣೆಯ ಕೇಂದ್ರದಲ್ಲಿಯೇ ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ವಿಷಾಣುವನ್ನು ಬೆಳೆಸಿ, ಫಾರ್ಮಲಿನ್‌ನಿಂದ ನಿರ್ಜೀವಗೊಳಿಸಿ ಒಂದು ಲಸಿಕೆಯನ್ನು ಸಿದ್ಧಪಡಿಸಿದರು. 1990ರಿಂದ ಅದು ಮಲೆನಾಡಿನಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿತು. ತಿಂಗಳ ಅಂತರದಲ್ಲಿ ಎರಡು ಸೂಜಿ, ಕೆಲವು ತಿಂಗಳ ಮೇಲೆ ಇನ್ನೊಂದು, ಅನಂತರ ವರ್ಷವರ್ಷವೂ ಒಂದೊಂದು. ಸೂಜಿಯ ನೋವು ಕಡಿಮೆಯದಲ್ಲ. ದಿನಗೂಲಿಯವನಿಗೆ ತೋಳು ಬಾತರೆ ಒಂದು ದಿನದ ಗಂಜಿ ಹೋದಂತೆಯೇ ಸರಿ. ಆದುದರಿಂದ ತಪ್ಪಿಸಿಕೊಂಡವರೂ ಬಹಳ.

ಈ ಲಸಿಕೆಯ ಫಲವೆಷ್ಟು? 1994ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಒಂದು ಸೂಜಿಯಿಂದ ಶೇ. 79.3, ಎರಡು ಸೂಜಿಗಳಿಂದ ಶೇ. 93.5 ರಕ್ಷಣೆ. 2013ರಲ್ಲಿ ಪ್ರಕಟವಾದ, 2005ರಿಂದ 2010ರವರೆಗಿನ ಅವಧಿಯ ಲೆಕ್ಕದ ಪ್ರಕಾರ ಒಂದು ಸೂಜಿಯಿಂದ ಪ್ರಯೋಜನವೇ ಇಲ್ಲ; ಎರಡರಿಂದ ಶೇ. 62.4, ಮರುಸೂಜಿಯೂ ಸೇರಿದರೆ ಶೇ. 82.9. ಶಿವಮೊಗ್ಗ ಜಿಲ್ಲೆಯಲ್ಲಿ 2013ರ ಡಿಸೆಂಬರಿನಿಂದ 2014ರ ಏಪ್ರಿಲಿನವರೆಗೆ ರೋಗ ಉಲ್ಬಣಿಸಿದಾಗ ನೋಡಿದವರು, ಲಸಿಕೆ ಪಡೆದವರ ಸಂಖ್ಯೆಯೂ ಕಡಿಮೆ, ಪಡೆದವರಿಗೆ ಆದ ರಕ್ಷಣೆಯೂ ಕಡಿಮೆ ಎಂದರು. ಕೊನೆಗೆ 2022ರಲ್ಲಿ, ಪರಿಣಾಮಕಾರಿಯಲ್ಲವೆಂಬ ಕಾರಣಕ್ಕಾಗಿ ರಾಜ್ಯದಲ್ಲಿ ಆ ಲಸಿಕೆಯನ್ನೇ ನಿಲ್ಲಿಸಲಾಯಿತು. ಮೂವತ್ತು ವರ್ಷಗಳಿಗೂ ಮೀರಿ ಜನರ ತೋಳಿಗೆ ಚುಚ್ಚಿದ ಔಷಧ ಅದು.

ಈ ಅಂಕಿಗಳನ್ನು ಓದಿದವನು ಥಟ್ಟನೆ ‘ಮೊದಲಿನವರು ಸುಳ್ಳು ಹೇಳಿದರು’ ಎನ್ನಬಹುದು. ಹಾಗೆನ್ನಲು ಆಧಾರವಿಲ್ಲ. ಆದರೆ ಅಳೆದವರು ಯಾರೆಂಬುದನ್ನು ನೋಡಿರಿ. 1994ರ ಲೆಕ್ಕವನ್ನು ಮಾಡಿದವರಲ್ಲಿ ಲಸಿಕೆಯನ್ನು ರೂಪಿಸಿದ ಸಂಸ್ಥೆಯ ವಿಜ್ಞಾನಿಗಳಿದ್ದರು, ಅದನ್ನು ಹಂಚಿದ ರಾಜ್ಯದ ಅಧಿಕಾರಿಗಳಿದ್ದರು. ಲಸಿಕೆಯನ್ನು ಬಹುಕಾಲ ತಯಾರಿಸಿದ್ದು ಹೆಬ್ಬಾಳದಲ್ಲಿರುವ ರಾಜ್ಯ ಸರ್ಕಾರದ್ದೇ ಸಂಸ್ಥೆ. ಕೊಂಡು ಹಾಕಿದ್ದು ಅದೇ ಸರ್ಕಾರದ ಆರೋಗ್ಯ ಇಲಾಖೆ. ಇಲ್ಲಿ ಯಾವ ವ್ಯಾಪಾರಿಯೂ ಇಲ್ಲ, ಲಾಭದ ದುಡ್ಡಿಲ್ಲ. ಅದಕ್ಕಾಗಿಯೇ ಯಾರಿಗೂ ಸಂಶಯ ಬರಲಿಲ್ಲವೋ ಏನೋ. ಹಿತಾಸಕ್ತಿಯೆಂದರೆ ಹಣವೆಂದೇ ನಾವು ತಿಳಿಯುತ್ತೇವೆ. ತಾನು ಕಟ್ಟಿದ ಮನೆ ಸೋರುವುದಿಲ್ಲವೆಂದು ನಂಬುವುದಕ್ಕೆ ಮನೆಯನ್ನು ಮಾರಬೇಕೆಂಬ ಆಸೆಯೇ ಬೇಕಾಗಿಲ್ಲ. ತಾನು ಕಟ್ಟಿದೆನೆಂಬ ಮಮಕಾರವೊಂದೇ ಸಾಕು. ಅಲ್ಲದೆ ಕೈಯಲ್ಲಿ ಬೇರೆ ಔಷಧವೇ ಇಲ್ಲದಿರುವಾಗ, ಇರುವ ಒಂದನ್ನೂ ಇಲ್ಲವೆನ್ನುವ ಧೈರ್ಯ ಯಾವ ಇಲಾಖೆಗೆ ಬಂದೀತು? ಪರಿಗ್ರಹವೆಂಬುದು ಮೂರ್ಛೆಯೇ ಹೊರತು ವಸ್ತುವಲ್ಲವೆಂದು ದಶಲಕ್ಷಣ ಪರ್ವದಲ್ಲಿ ವರ್ಷವರ್ಷವೂ ಕೇಳುತ್ತೇವೆ. ಅಭಿಪ್ರಾಯದ ಮೇಲಿನ ಮೂರ್ಛೆಯೂ ಪರಿಗ್ರಹವೇ ಆಗಿದೆ.

ಅಳತೆಯ ವಿಧಾನದಲ್ಲಿಯೂ ಒಂದು ತೊಡಕುಂಟು. ಲಸಿಕೆ ಪಡೆದವರನ್ನು ಪಡೆಯದವರೊಡನೆ ಹೋಲಿಸುವಾಗ, ಪಡೆಯದೆ ಉಳಿದವರು ಯಾರೆಂದು ನೋಡಬೇಕು. ಸೂಜಿ ಹಾಕುವವರು ಬಂದ ದಿನ ಸೌದೆಗೋ ತರಗೆಲೆಗೋ ಕಾಡಿಗೆ ಹೋಗಿದ್ದವನು ಲಸಿಕೆಯಿಂದ ತಪ್ಪುತ್ತಾನೆ. ಕಾಡಿಗೆ ಹೋಗುವವನಾದ್ದರಿಂದಲೇ ಅವನಿಗೆ ರೋಗವೂ ಹೆಚ್ಚು ಬಂದೀತು. ಆಗ ಲಸಿಕೆಯ ಬಲ ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಇದನ್ನು ಯಾರೂ ಬೇಕೆಂದು ಮಾಡಬೇಕಾಗಿಲ್ಲ, ತಾನಾಗಿಯೇ ಆಗುತ್ತದೆ. ಅನುಕೂಲವಾದ ಕಡೆಗೆ ವಾಲಿದ ತಕ್ಕಡಿಯನ್ನು ಮತ್ತೊಮ್ಮೆ ಪರೀಕ್ಷಿಸಲು ಮನಸ್ಸು ಬಾರದಿರುವುದು ಮಾತ್ರ ಮನುಷ್ಯನ ಕೆಲಸ.

ಆದರೂ ನ್ಯಾಯಕ್ಕಾಗಿ ಇನ್ನೊಂದು ಮಾತನ್ನು ಹೇಳಲೇಬೇಕು. 2013ರಲ್ಲಿ ಆ ಕಡಿಮೆಯ ಅಂಕಿಯನ್ನು ಹೊರಗಿಟ್ಟವರಲ್ಲಿ ರಾಜ್ಯದ ಆರೋಗ್ಯ ಇಲಾಖೆಯ ವೈದ್ಯರೇ ಇದ್ದರು. ಚೆನ್ನೈಯ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯವರು ಜೊತೆಗಿದ್ದರು. ಇಲಾಖೆಯ ಅನ್ನವನ್ನು ಉಣ್ಣುತ್ತಲೇ ಇಲಾಖೆಗೆ ಇಷ್ಟವಲ್ಲದ ಉತ್ತರವನ್ನು ಕೊಟ್ಟರು. ಅನ್ನದ ಋಣವುಳ್ಳವರೆಲ್ಲ ವನೀಪಕರೆಂದು ತಿಳಿಯುವುದು ತಪ್ಪು.

ಇನ್ನು ಋಣವು ಹೊರಗಿನದಾದಾಗ ಏನಾಯಿತು? ಕ್ಯಾಸನೂರಿನ ವಿಷಾಣು ಸೈಬೀರಿಯದ ಕಡೆಯಿಂದ ವಲಸೆ ಹಕ್ಕಿಗಳ ಮೈಮೇಲಿನ ಉಣುಗುಗಳ ಮೂಲಕ ಬಂದಿತೆ ಎಂಬ ಸಂಶಯದಿಂದ, ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಸಲೀಂ ಅಲಿಯವರ ಮುಂದಾಳುತನದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸವನ್ನು ಕೈಗೊಂಡರು. ಮೊದಲು ವಿಶ್ವ ಆರೋಗ್ಯ ಸಂಸ್ಥೆಯ ನೆರವಿತ್ತು. ಮುಂದೆ 1960ರ ದಶಕದಲ್ಲಿ ಅಮೆರಿಕದ ಸೈನ್ಯದ ವಲಸೆ ಪ್ರಾಣಿಗಳ ರೋಗಸಮೀಕ್ಷೆಯೆಂಬ ಯೋಜನೆಯಿಂದ ಹಣ ಬಂದಿತು. 1974ರಲ್ಲಿ ಪತ್ರಿಕೆಗಳಲ್ಲಿ ಕೋಲಾಹಲವೆದ್ದಿತು: ಇದು ರೋಗಾಣು ಯುದ್ಧದ ಸಿದ್ಧತೆಯಲ್ಲವೆ? ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯು 1975ರಲ್ಲಿ ಸಲ್ಲಿಸಿದ ತನ್ನ 167ನೆಯ ವರದಿಯಲ್ಲಿ ಇದನ್ನೂ ದೆಹಲಿಯ ಸೊಳ್ಳೆ ನಿಯಂತ್ರಣ ಸಂಶೋಧನೆಯನ್ನೂ ಕಟುವಾಗಿ ವಿಮರ್ಶಿಸಿತು. ಸೊಳ್ಳೆಗಳ ಆ ಘಟಕ ಅದೇ ವರ್ಷ ಮುಚ್ಚಿತು. ಹಕ್ಕಿಗಳು ಈ ರೋಗವನ್ನು ತಂದುವೆಂಬುದಕ್ಕೆ ಪುರಾವೆ ದೊರೆಯಲಿಲ್ಲ. ರೋಗವನ್ನು ವಿದೇಶೀಯರು ಬಿಟ್ಟುಹೋದರೆಂಬ ಹಳ್ಳಿಯ ಮಾತಿಗೂ ದೊರೆಯಲಿಲ್ಲ. ಉಂಗುರ ತೊಟ್ಟ ಹಕ್ಕಿಗಳಿಂದ ಪಕ್ಷಿಶಾಸ್ತ್ರಕ್ಕಾದ ಲಾಭ ನಿಜವಾದುದೇ. ಆದರೆ ಒಮ್ಮೆ ಹಣದ ಮೂಲದ ಮೇಲೆ ಸಂಶಯ ಬಿದ್ದಮೇಲೆ, ನಿಜವಾದ ಲಾಭವನ್ನೂ ಜನ ನಂಬದೆ ಹೋದರು. ವನೀಪಕನ ಸತ್ಯಕ್ಕೆ ಬರುವ ಗತಿ ಇದೇ. ಮಾತು ಸತ್ಯವಾಗಿಯೇ ಇರಬಹುದು, ಕೇಳಿದವನಿಗೆ ಅದನ್ನು ಸತ್ಯವೆಂದು ತಿಳಿಯುವ ದಾರಿ ಮುಚ್ಚಿಹೋಗಿರುತ್ತದೆ.

ಹಾಗಾದರೆ ಪಂಡಿತರಲ್ಲಿ ಭಿನ್ನಾಭಿಪ್ರಾಯ ಕಂಡಲ್ಲೆಲ್ಲ ಯಾರೋ ಒಬ್ಬರು ಋಣಕ್ಕೆ ಬಿದ್ದಿರುವರೆಂದು ತಿಳಿಯಬೇಕೆ? ಇದೇ ವಿಷಾಣುವಿನ ವಯಸ್ಸಿನ ಪ್ರಶ್ನೆಯನ್ನು ನೋಡಿರಿ. ಅರೇಬಿಯದಲ್ಲಿ ಕಂಡ ಅದರ ದಾಯಾದಿ ವಿಷಾಣುವಿನಿಂದ ಇದು ಯಾವಾಗ ಬೇರೆಯಾಯಿತೆಂದು ಎಣಿಸಿದವರಲ್ಲಿ, 2009ರ ಒಂದು ಲೆಕ್ಕ 1940ರ ದಶಕವೆಂದಿತು. 2011ರ ಇನ್ನೊಂದು ಲೆಕ್ಕ ಸುಮಾರು 700 ವರ್ಷಗಳ ಹಿಂದೆಂದಿತು. ಹುಂಚದಲ್ಲಿ ಸಾಂತರರ ಕಾಲದ ಬಸದಿಗಳು ನಿಂತ ಮೇಲಿನ ಮಾತೋ, ನಮ್ಮ ಹಿರಿಯರು ಕಣ್ಣಾರೆ ಕಂಡ ಕಾಲದ ಮಾತೋ ಎಂಬಷ್ಟು ಅಂತರ! ಎರಡರಲ್ಲಿ ಯಾವುದು ಗೆದ್ದರೂ ಯಾರ ಜೇಬಿಗೂ ಏನೂ ಬೀಳುವುದಿಲ್ಲ. ಮಾದರಿಗಳು ಬೇರೆ, ಎಣಿಸಿದ ಬಗೆ ಬೇರೆ, ಉತ್ತರವೂ ಬೇರೆಯಾಯಿತು, ಅಷ್ಟೆ.

ಇದಕ್ಕಿಂತ ಕಠಿಣವಾದ ಪ್ರಸಂಗ ಸಾಗರ ತಾಲ್ಲೂಕಿನ ಹಂದಿಗೋಡಿನದು. 1970ರ ದಶಕದ ಮಧ್ಯದಲ್ಲಿ ಅಲ್ಲಿಯ ದಲಿತ ಕೃಷಿಕಾರ್ಮಿಕ ಕುಟುಂಬಗಳಲ್ಲಿ ಸೊಂಟ ಮತ್ತು ಮಂಡಿಯ ಕೀಲುಗಳು ಸವೆದು ಜನ ನಡೆಯಲಾರದೆ ಹೋದರು. ಗದ್ದೆಗೆ ಹೊಡೆದ ಕೀಟನಾಶಕ ಏಡಿಗಳೊಳಗೆ ಸೇರಿ, ಏಡಿಗಳನ್ನು ತಿಂದವರಿಗೆ ಈ ಗತಿಯಾಯಿತೆಂದು ಮೊದಲು ಕೆಲವರ ಅಭಿಪ್ರಾಯ. ಅನಂತರದ ಪರೀಕ್ಷೆಗಳು ಇದು ವಂಶದಲ್ಲಿ ಇಳಿದುಬರುವ ಮೂಳೆಯ ರೋಗವೆಂಬ ಕಡೆಗೆ ತಿರುಗಿದುವು. ಇಂದು ವೈದ್ಯರ ನಿರ್ಣಯ ಬಹುಮಟ್ಟಿಗೆ ಅದೇ. ಕಾರಣ ಕೀಟನಾಶಕವಾಗಿದ್ದರೆ ಔಷಧ ಮಾರಿದವನೂ ಹೊಡೆಸಿದವನೂ ಉತ್ತರ ಹೇಳಬೇಕಾಗುತ್ತಿತ್ತು. ವಂಶದ ದೋಷವೆಂದರೆ ಯಾರೂ ಯಾರಿಗೂ ಏನನ್ನೂ ಕೊಡಬೇಕಾಗಿಲ್ಲ. ಎರಡನೆಯ ನಿರ್ಣಯವು ರೋಗಿಯ ಹೊರತು ಮಿಕ್ಕೆಲ್ಲರಿಗೂ ಅನುಕೂಲ. ಅನುಕೂಲವಾದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ; ಒಂದೇ ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದುದಕ್ಕೆ ಬಲವಾದ ಸಾಕ್ಷ್ಯವಿದೆ. ಆದರೆ ಅನುಕೂಲವಾದ ನಿರ್ಣಯವನ್ನು ಅನನುಕೂಲವಾದುದಕ್ಕಿಂತ ಇಮ್ಮಡಿ ಕಟ್ಟುನಿಟ್ಟಾಗಿ ಪರೀಕ್ಷಿಸಬೇಕೆಂದು ಆ ಕುಟುಂಬಗಳು ಕೇಳಿದರೆ ಅದು ಅವರ ಹಕ್ಕು.

ಇಂಥಲ್ಲಿ ನಮ್ಮವರು ಅನೇಕಾಂತದ ಮಾತನ್ನು ಎತ್ತುವುದುಂಟು. ಅವರದೂ ಸರಿ, ಇವರದೂ ಸರಿ, ಎಲ್ಲವೂ ಒಂದೊಂದು ದೃಷ್ಟಿ ಎಂದು ಕೈತೊಳೆದುಕೊಳ್ಳುವುದು. ಅನೇಕಾಂತಕ್ಕೆ ಇದಕ್ಕಿಂತ ದೊಡ್ಡ ಅಪಚಾರವಿಲ್ಲ. ‘ಸ್ಯಾತ್’ ಎಂಬುದರ ಅರ್ಥ ‘ಹೇಗಾದರೂ ಆಗಲಿ’ ಎಂದಲ್ಲ. ‘ಇಂಥ ಅಪೇಕ್ಷೆಯಿಂದ’ ಎಂದು. ಶೇ. 79 ಎನ್ನುವವನು ಯಾವ ವರ್ಷದಲ್ಲಿ, ಎಷ್ಟು ಸೂಜಿಗಳಿಗೆ, ಯಾರೊಡನೆ ಹೋಲಿಸಿ, ಯಾರ ಹಣದಿಂದ ಎಂದು ಸೇರಿಸಿ ಹೇಳಿದರೆ ಅದು ನಯ. ಅಪೇಕ್ಷೆಯನ್ನು ಮುಚ್ಚಿಟ್ಟು ಅಂಕಿಯನ್ನಷ್ಟೇ ಹೇಳಿದರೆ ಅದು ನಯಾಭಾಸ. ಅಮೆರಿಕದ ಸಕ್ಕರೆ ವ್ಯಾಪಾರಿಗಳ ಸಂಸ್ಥೆಯೊಂದು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪಂಡಿತರಿಗೆ ಹಣ ಕೊಟ್ಟು, ಹೃದ್ರೋಗದಲ್ಲಿ ಸಕ್ಕರೆಯ ಪಾಲನ್ನು ಕಿರಿದಾಗಿಸಿ ಕೊಬ್ಬಿನ ಕಡೆಗೆ ಬೆರಳು ತೋರುವ ಲೇಖನವನ್ನು 1967ರಲ್ಲಿ ಬರೆಯಿಸಿತು. ಹಣದ ಸಂಗತಿ ಲೇಖನದಲ್ಲಿ ಇರಲಿಲ್ಲ, ಹೊರಬಿದ್ದುದು 2016ರಲ್ಲಿ. ಅರ್ಧ ಶತಮಾನ ‘ಸ್ಯಾತ್’ ಎಂಬ ಪದವೊಂದನ್ನು ಅಳಿಸಿಟ್ಟಿದ್ದರು ಎನ್ನಬಹುದು.

ಈಗ ಪ್ರಶ್ನೆಯನ್ನು ನಮ್ಮ ಅಂಗಳಕ್ಕೇ ತರುವುದು ಉಚಿತ. ವ್ರತಿಗಳಾದ ನಮಗೆ ಯಾವ ಹಿತಾಸಕ್ತಿಯೂ ಇಲ್ಲವೆ? ಮಂಗನ ಕಾಯಿಲೆಯ ಲಸಿಕೆ ಕೋಳಿಯ ಭ್ರೂಣದಿಂದಾದುದು. ಅದರ ಬಲವನ್ನು ನೋಡಿದ್ದು ಇಲಿಗಳ ಮೇಲೆ. ಇದನ್ನು ಬಲ್ಲ ಶ್ರಾವಕನಿಗೆ ಅಳುಕು ಸಹಜ, ಆ ಅಳುಕು ಗೌರವಕ್ಕೆ ಪಾತ್ರವಾದುದು. ಆದರೆ ಆ ಲಸಿಕೆ ನಿಷ್ಪ್ರಯೋಜಕವೆಂಬ ಸುದ್ದಿಯನ್ನು ಕೇಳಿದಾಗ ಅವನ ಮನಸ್ಸಿನಲ್ಲಿ ಏಳುವ ಸಮಾಧಾನವಿದೆಯಲ್ಲ, ಅದನ್ನು ಅವನು ಸಾಕ್ಷ್ಯವೆಂದು ಭ್ರಮಿಸಬಾರದು. ಹಿಂಸೆಯ ಕಾರಣದಿಂದ ಬೇಡವೆನ್ನುವುದು ಒಂದು, ಫಲವಿಲ್ಲವೆಂದು ಬೇಡವೆನ್ನುವುದು ಇನ್ನೊಂದು. ಎರಡನೆಯದು ಸಿಕ್ಕಿತೆಂದು ಮೊದಲನೆಯದರ ಭಾರವನ್ನು ಅದರ ಹೆಗಲಿಗೇರಿಸುವುದು ಪ್ರಾಮಾಣಿಕತೆಯಲ್ಲ.

ಉಪವಾಸದ ವಿಷಯದಲ್ಲಿ ಇದು ಇನ್ನೂ ಹತ್ತಿರ ಬರುತ್ತದೆ. ಜೀವಕೋಶಗಳು ತಮ್ಮ ಭಾಗಗಳನ್ನು ತಾವೇ ಜೀರ್ಣಿಸಿಕೊಳ್ಳುವ ಕ್ರಿಯೆಯ ಬಗ್ಗೆ ಜಪಾನಿನ ಯೋಶಿನೋರಿ ಓಸುಮಿಯವರಿಗೆ 2016ರಲ್ಲಿ ನೊಬೆಲ್ ಬಹುಮಾನ ಬಂದಿತು. ಉಪವಾಸಕ್ಕೇ ನೊಬೆಲ್ ಬಂದಿತೆಂಬಂತೆ ಎಷ್ಟು ಬರಹಗಳು ಹೊರಟುವು! ಅವರು ಆ ಕ್ರಿಯೆಯ ಗುಟ್ಟನ್ನು ಬಿಡಿಸಿದ್ದು ಹುದುಗಿನ ಸೂಕ್ಷ್ಮಜೀವಿಯಲ್ಲಿ. ಅಷ್ಟೋಪವಾಸ ಮಾಡಿದ ಶ್ರಾವಿಕೆಯಲ್ಲಿ ಅಲ್ಲ. ಅತ್ತ ಅಮೆರಿಕದಲ್ಲಿ ಉಪವಾಸವನ್ನು ಹೋಲುವ ಆಹಾರವನ್ನು ಪೆಟ್ಟಿಗೆಯಲ್ಲಿಟ್ಟು ಮಾರುವ ಕಂಪನಿಯಿದೆ. ಆ ಆಹಾರವನ್ನು ಸಂಶೋಧಿಸಿದ ವಾಲ್ಟರ್ ಲೋಂಗೊ ಎಂಬ ವಿಜ್ಞಾನಿಯೇ ಅದರ ಸ್ಥಾಪಕರು. ಅವರು ಆ ನಂಟನ್ನು ತಮ್ಮ ಲೇಖನಗಳಲ್ಲಿ ಬಹಿರಂಗವಾಗಿ ಹೇಳಿಕೊಳ್ಳುತ್ತಾರೆ. ನಾವಾದರೋ, ಉಪವಾಸದಿಂದ ಆರೋಗ್ಯವೆಂಬ ಸಂಶೋಧನೆಯನ್ನು ಪರ್ವದ ವೇದಿಕೆಯಿಂದ ಓದುವಾಗ ‘ನಾನು ಉಪವಾಸದ ಪಕ್ಷದವನು’ ಎಂದು ಮೊದಲು ಹೇಳಿಕೊಳ್ಳುವುದಿಲ್ಲ. ಮಧುಮೇಹಿಗೆ ಅಪಾಯವೆಂಬ ಇನ್ನೊಂದು ಸಂಶೋಧನೆಯನ್ನು ಓದುವುದೂ ಇಲ್ಲ. ನಿರ್ಜರೆಗಾಗಿ ಕೈಕೊಂಡ ತಪಸ್ಸಿಗೆ ಪ್ರಯೋಗಶಾಲೆಯ ಪ್ರಶಸ್ತಿಪತ್ರವೇ ಬೇಕಾಗಿಲ್ಲ. ಬೇಕೆಂದು ಕೈಚಾಚಿದರೆ ಪ್ರತಿಕೂಲವಾದ ಪತ್ರವನ್ನೂ ಅದೇ ಕೈಯಿಂದ ತೆಗೆದುಕೊಳ್ಳಬೇಕಾದೀತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆಯೊಡನೆ ಸೇರಿ ಮಂಗನ ಕಾಯಿಲೆಗೆ ಹೊಸ ಲಸಿಕೆಯೊಂದನ್ನು ಸಿದ್ಧಪಡಿಸುತ್ತಿದೆ. ಅದು ಈ ಭಾಗಕ್ಕೆ ಬಂದಾಗ ಹಳೆಯ ಪ್ರಶ್ನೆಗಳೇ ಮತ್ತೆ ಏಳುತ್ತವೆ: ಮಾಡಿದವರ ಹೊರತು ಅಳೆದವರಾರು? ಫಲಿಸದ ತಂಡಗಳ ಲೆಕ್ಕವೆಲ್ಲಿ? ಇವನ್ನು ವೈದ್ಯಾಧಿಕಾರಿಯನ್ನು ಕೇಳಲು ನಮ್ಮಲ್ಲಿ ಓದಿದವರಿದ್ದಾರೆ. ಆದರೆ ಆ ಸೂಜಿ ಮೊದಲು ಚುಚ್ಚುವುದು ಓದಿದವರ ತೋಳಿಗಲ್ಲ. ಡಿಸೆಂಬರಿನಿಂದ ಮೇ ತಿಂಗಳವರೆಗಿನ ರೋಗದ ದಿನಗಳಲ್ಲಿ ಕೊಟ್ಟಿಗೆಗೂ ಅಡಿಕೆ ತೋಟಕ್ಕೂ ಕಾಡಿನಿಂದ ಸೊಪ್ಪು, ತರಗು ಹೊತ್ತು ತರುವವನ ತೋಳಿಗೆ. ಇಂದು ಉಣುಗು ಕಡಿಯದಂತೆ ಆರೋಗ್ಯ ಕಾರ್ಯಕರ್ತೆಯರು ಕೊಡುವ ಡೆಪಾ ತೈಲವನ್ನು ಹಚ್ಚಿಕೊಂಡು ಅವನು ಕಾಡಿಗೆ ಹೋಗುತ್ತಾನೆ. ನಾಳೆ ಹೊಸ ಸೂಜಿ ಬಂದಾಗ ಅವನು ತೋಟದ ಯಜಮಾನನ ಮುಂದೆ ನಿಂತು, ‘ಹಾಕಿಸಿಕೊಳ್ಳಲೇ ಅಯ್ಯಾ?’ ಎಂದು ಕೇಳುತ್ತಾನೆ. ಹಾಕಿಸಿಕೊಂಡರೆ ಮರುದಿನ ಕೆಲಸಕ್ಕೆ ಬರಲಾರನು. ಕೊಯ್ಲಿನ ಕಾಲ ಬೇರೆ. ಹಾಕಿಸಿಕೊಳ್ಳದಿದ್ದರೆ ಕಾಡಿನ ಉಣುಗು. ಯಜಮಾನನು ‘ನಿನಗೇನು ಅನ್ನಿಸುತ್ತದೆ?’ ಎಂದು ಮರುಪ್ರಶ್ನೆ ಹಾಕಿದರೆ, ಕೂಲಿ ಕೊಡುವವನ ಮುಖವನ್ನು ನೋಡಿ ಅವನು ಕೊಡುವ ಉತ್ತರವೂ ವನೀಪಕವಚನವೇ ಆಗುತ್ತದೆ. ಹೊಟ್ಟೆಗಾಗಿ ಹೇಳುವ ಆ ಬಡವನಿಗೆ ಅದರ ದೋಷ ತಗುಲೀತೆಂದು ಮಾತ್ರ ನನಗೆ ತೋರುವುದಿಲ್ಲ. ಆ ದಿನದ ಕೂಲಿಯನ್ನು ಮೊದಲೇ ಕೈಗಿಟ್ಟು, ಎರಡು ದಿನದ ಬಿಡುವನ್ನೂ ಹೇಳಿ, ಆಮೇಲೆ ಕೇಳಿದರೆ ಅವನು ಬೇರೆ ಉತ್ತರವನ್ನು ಕೊಟ್ಟಾನು.